ಕರಿಹಲಗೆ ಮತ್ತು ಸ್ಲೇಟು: ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಬದುಕು

1957ನೇ ಇಸವಿಯಲ್ಲಿ ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ನಗರದಲ್ಲಿ ಒಂದು ಮದುವೆ ನಡೆಯಿತು. ಅಲ್ಲಿನ ಪದ್ಧತಿಯಂತೆ ವರನು ತನ್ನ ಉದ್ಯೋಗವೇನೆಂಬುದನ್ನು ವಿವಾಹ ಪತ್ರದಲ್ಲಿ ನಮೂದಿಸಬೇಕಾಗಿತ್ತು. ವರನು ತಾನು ಪ್ರೋಗ್ರಾಮರ್ ಎಂದು ಬರೆಸಹೊರಟನು. ನಗರಾಡಳಿತದ ಅಧಿಕಾರಿಗಳು ಒಪ್ಪಲಿಲ್ಲ. ಅಂತಹದೊಂದು ಉದ್ಯೋಗವೇ ಲೋಕದಲ್ಲಿಲ್ಲ ಎಂಬುದು ಅವರ ವಾದ. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ಬರೆಸಿ ಮದುವೆಯನ್ನು ಮುಗಿಸಬೇಕಾಯಿತು. ಅರ್ಜಿ ನಮೂನೆಯಲ್ಲಿ ನಮ್ಮ ಸಂಗತಿಗೆ ಹೊಂದುವ ಕಾಲಮ್ಮೇ ಇಲ್ಲದೆ ಪೆನ್ನು ಹಿಡಿದು ನಿಲ್ಲುವ ಅನುಭವ ಈ ಪತ್ರಿಕೆಯ ಓದುಗರಿಗೆ ಹೊಸದೇನಲ್ಲ. ಆ ವರನೇ ಎಡ್ಸ್‌ಗರ್ ವಿಬೆ ಡೈಕ್‌ಸ್ಟ್ರಾ. ಮುಂದೆ ಆ ಉದ್ಯೋಗಕ್ಕೆ ಶಾಸ್ತ್ರದ ಗೌರವ ತಂದುಕೊಟ್ಟವರಲ್ಲಿ ಅವರು ಅಗ್ರಗಣ್ಯರು.

ಡೈಕ್‌ಸ್ಟ್ರಾ ಅವರು ಹುಟ್ಟಿದ್ದು 1930ನೇ ಇಸವಿ ಮೇ 11ರಂದು, ಬಂದರು ನಗರವಾದ ರೋಟರ್‌ಡಾಮ್‌ನಲ್ಲಿ. ನಾಲ್ವರು ಮಕ್ಕಳಲ್ಲಿ ಅವರು ಮೂರನೆಯವರು. ತಂದೆ ರಸಾಯನಶಾಸ್ತ್ರದ ಅಧ್ಯಾಪಕರು. ತಾಯಿ ಗಣಿತದಲ್ಲಿ ಪರಿಣತೆ. ಆಕೆ ಎಲ್ಲಿಯೂ ನೌಕರಿಗೆ ಸೇರಿದವರಲ್ಲ. ಆದರೆ ಮಗನ ಮೇಲೆ ಹೆಚ್ಚಿನ ಪ್ರಭಾವ ಬೀರಿದವರು ಆಕೆಯೇ. ತ್ರಿಕೋನಮಿತಿ ಕಷ್ಟವೇ ಎಂದು ಬಾಲಕ ಕೇಳಿದಾಗ, ಸೂತ್ರಗಳನ್ನು ಕಲಿತುಕೋ, ಉತ್ತರ ಐದು ಸಾಲು ಮೀರಿತೆಂದರೆ ದಾರಿ ತಪ್ಪಿದೆ ಎಂದು ತಿಳಿ ಎಂಬ ಅರ್ಥದ ಮಾತನ್ನು ತಾಯಿ ಹೇಳಿದ್ದರಂತೆ. ಮಗ ಅದನ್ನು ಬದುಕಿರುವ ತನಕ ಮರೆಯಲಿಲ್ಲ. ಉದ್ದವಾದ ಲೆಕ್ಕವನ್ನು ಕಂಡರೆ ಅವರಿಗೆ ಸಂಶಯವೇ ಹುಟ್ಟುತ್ತಿತ್ತು.

ಬಾಲ್ಯದಲ್ಲಿ ಅವರಿಗಿದ್ದ ಆಸೆ ಬೇರೆ. ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶವನ್ನು ಪ್ರತಿನಿಧಿಸಬೇಕು ಎಂದಿತ್ತು. ಆದರೆ ಶಾಲಾಂತ್ಯ ಪರೀಕ್ಷೆಯಲ್ಲಿ ಗಣಿತ ವಿಜ್ಞಾನಗಳಲ್ಲಿ ಬಂದ ಅಂಕಗಳು ಅವರನ್ನು ಲೈಡನ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗಕ್ಕೆ ಒಯ್ದವು. 1951ರಲ್ಲಿ ತಂದೆಯ ನೆರವಿನಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ, ಮಾರಿಸ್ ವಿಲ್ಕ್ಸ್ ಅವರ ಎಡ್ಸ್ಯಾಕ್ ಎಂಬ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಮೂರು ವಾರಗಳ ತರಬೇತಿ ಪಡೆದರು. ಮರುವರ್ಷ, 1952ರಲ್ಲಿ, ಆಮ್‌ಸ್ಟರ್‌ಡಾಮಿನ ಗಣಿತ ಕೇಂದ್ರದಲ್ಲಿ ವಾನ್ ವೈನ್‌ಗಾರ್ಡನ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಹಾಲೆಂಡಿನ ಮೊದಲ ಪ್ರೋಗ್ರಾಮರ್ ಎಂಬ ಹೆಸರು ಅವರಿಗೆ ಬಂದದ್ದು ಹೀಗೆ. ಭೌತವಿಜ್ಞಾನವೋ ಪ್ರೋಗ್ರಾಮಿಂಗೋ ಎಂಬ ತೊಳಲಾಟ ಕೆಲವು ವರ್ಷ ಅವರನ್ನು ಬಿಡಲಿಲ್ಲ. ಶಾಸ್ತ್ರವೆಂದು ಕರೆಯಲು ಏನೂ ಇಲ್ಲದ ಕೆಲಸಕ್ಕೆ ಬದುಕನ್ನೇ ಒಪ್ಪಿಸುವುದು ಹೇಗೆ ಎಂಬ ಅಳುಕು ಅವರದು. ಆ ಶಾಸ್ತ್ರವನ್ನು ಕಟ್ಟುವವನು ನೀನೇ ಏಕಾಗಬಾರದು ಎಂಬ ಗುರುಗಳ ಪ್ರಶ್ನೆ ಅವರನ್ನು ಈ ಕಡೆಗೆ ಎಳೆಯಿತು.

ಗಣಿತ ಕೇಂದ್ರದಲ್ಲಿ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಂಬ ಇಬ್ಬರು ಯಂತ್ರವನ್ನು ಕಟ್ಟುತ್ತಿದ್ದರು. ಯಂತ್ರ ಸಿದ್ಧವಾಗುವ ಮೊದಲೇ ಅದರ ಗುಣಧರ್ಮಗಳ ವಿವರಣೆಯನ್ನು ಕಾಗದದಲ್ಲಿ ನಿಶ್ಚಯಿಸುತ್ತಿದ್ದರು. ಯಾವ ಆಜ್ಞೆ ಕೊಟ್ಟರೆ ಯಾವ ಫಲ ಬರಬೇಕು ಎಂಬುದಷ್ಟೇ ಅದರಲ್ಲಿರುತ್ತಿತ್ತು. ಒಳಗೆ ತಂತಿ ಎಲ್ಲಿ ಹಾದುಹೋಗುತ್ತದೆ ಎಂಬುದು ಡೈಕ್‌ಸ್ಟ್ರಾ ಅವರಿಗೆ ಬೇಡ. ಪ್ರೋಗ್ರಾಮು ಹೇಗೆ ಬರೆಯಲ್ಪಡುತ್ತದೆ ಎಂಬುದು ಯಂತ್ರ ಕಟ್ಟುವವರಿಗೆ ಬೇಡ. ನಡುವೆ ಇದ್ದದ್ದು ಆ ಕಾಗದ ಮಾತ್ರ. ಇನ್ನೂ ಹುಟ್ಟದ ಯಂತ್ರಕ್ಕೆ ಹೀಗೆ ಪ್ರೋಗ್ರಾಮು ಬರೆದು ಮುಗಿಸುವ ಅಭ್ಯಾಸ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಆಯಿತು. ಹೊರಗಿನವರಿಗೆ ತಿಳಿಯಬೇಕಾದದ್ದು ಎಷ್ಟು, ಒಳಗೇ ಇರಬೇಕಾದದ್ದು ಎಷ್ಟು ಎಂಬ ವಿವೇಕ ಅವರ ಮುಂದಿನ ಕೆಲಸಗಳಲ್ಲೆಲ್ಲ ಕಾಣುತ್ತದೆ.

ಸಾಮಾನ್ಯ ಜನರಿಗೆ ಅವರ ಹೆಸರು ತಲಪಿದ್ದು ಬೇರೊಂದು ಕಾರಣಕ್ಕೆ. 1956ರಲ್ಲಿ ಆರ್ಮ್ಯಾಕ್ ಎಂಬ ಹೊಸ ಯಂತ್ರದ ಉದ್ಘಾಟನೆಗೆ, ಗಣಿತ ತಿಳಿಯದ ಅತಿಥಿಗಳಿಗೂ ಅರ್ಥವಾಗುವ ಲೆಕ್ಕವೊಂದು ಬೇಕಾಗಿತ್ತು. ಒಂದು ಊರಿನಿಂದ ಇನ್ನೊಂದಕ್ಕೆ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಆರಿಸಿದರು. ಮದುವೆಯಾಗಲಿದ್ದ ರಿಯಾ ಡೆಬೆಟ್ಸ್ ಅವರೊಂದಿಗೆ ಪೇಟೆ ಸುತ್ತಿ ದಣಿದು, ಒಂದು ಕಾಫಿ ಅಂಗಡಿಯ ಎದುರು ಕುಳಿತಾಗ ಇಪ್ಪತ್ತು ನಿಮಿಷಗಳಲ್ಲಿ, ಕಾಗದ ಪೆನ್ಸಿಲುಗಳಿಲ್ಲದೆ, ಅದಕ್ಕೆ ವಿಧಾನ ಹೊಳೆಯಿತು. ಹಾಲೆಂಡಿನ 64 ಊರುಗಳ ನಕ್ಷೆಯ ಮೇಲೆ ಅದನ್ನು ಯಂತ್ರ ಮಾಡಿ ತೋರಿಸಿತು. 1959ರಲ್ಲಿ ಮೂರೇ ಪುಟಗಳ ಲೇಖನವಾಗಿ ಅದು ಅಚ್ಚಾಯಿತು. ದಾರಿ ಹುಡುಕುವ ಇಂದಿನ ಅನೇಕ ವಿಧಾನಗಳಿಗೆ ಆ ಮೂರು ಪುಟಗಳೇ ಬೇರು. ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಡೈಕ್‌ಸ್ಟ್ರಾ ಎಂದೊಡನೆ ಹೇಳುವುದೂ ಇದನ್ನೇ. ರಿಯಾ ಅವರೂ ಗಣಿತ ಕೇಂದ್ರದಲ್ಲಿಯೇ ಲೆಕ್ಕ ಮಾಡುವ ಉದ್ಯೋಗದಲ್ಲಿದ್ದವರು ಎಂಬುದನ್ನು ಇಲ್ಲಿ ಹೇಳಬೇಕು.

ಆದರೆ ನಾನು ಇಂದು ಮುಖ್ಯವಾಗಿ ಬರೆಯಲು ಹೊರಟಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ.

ಒಂದು ತರಗತಿಯನ್ನು ಊಹಿಸಿರಿ. ನಲವತ್ತು ಮಕ್ಕಳು, ಒಂದೇ ಕರಿಹಲಗೆ. ಎಲ್ಲರೂ ತಮ್ಮ ತಮ್ಮ ಲೆಕ್ಕವನ್ನು ಕರಿಹಲಗೆಯ ಮೇಲೆಯೇ ಮಾಡಬೇಕೆಂದು ಮೇಷ್ಟ್ರು ಕಟ್ಟಳೆ ಮಾಡಿದರೆ ಏನಾದೀತು? ಒಬ್ಬ ಮೊತ್ತ ಎಂದು ಬರೆದು ಅದರ ಮುಂದೆ 85 ಎಂದು ಹಾಕುತ್ತಾನೆ. ಇನ್ನೊಬ್ಬಳಿಗೂ ಒಂದು ಮೊತ್ತ ಬೇಕು. ಆಕೆ 85ನ್ನು ಒರಸಿ 12 ಎಂದು ಬರೆಯುತ್ತಾಳೆ. ಮೊದಲಿನವನು ತಿರುಗಿ ನೋಡಿ 12ನ್ನೇ ತನ್ನದೆಂದು ನಂಬಿ ಮುಂದುವರಿಯುತ್ತಾನೆ. ಇಬ್ಬರೂ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದಾರೆ, ಉತ್ತರ ಮಾತ್ರ ತಪ್ಪು. ತಪ್ಪು ಯಾರದೆಂದು ಕಂಡುಹಿಡಿಯುವುದೂ ಕಷ್ಟ. ಪರಿಹಾರ ನಮ್ಮ ಅಜ್ಜಂದಿರ ಕಾಲದಿಂದಲೂ ಇದ್ದದ್ದೇ: ಪ್ರತಿಯೊಬ್ಬರ ಕೈಗೂ ಒಂದೊಂದು ಸ್ಲೇಟು. ಸ್ಲೇಟಿನ ಮೇಲಿನ ಮೊತ್ತ ಅವರವರ ಸ್ವಂತದ್ದು. ಎಲ್ಲರಿಗೂ ಬೇಕಾದ ಪ್ರಶ್ನೆ ಮಾತ್ರ ಕರಿಹಲಗೆಯ ಮೇಲೆ.

ಪ್ರೋಗ್ರಾಮಿನಲ್ಲಿಯೂ ಇದೇ ತೊಡಕು. ಒಂದು ನಿರ್ದಿಷ್ಟ ಕೆಲಸವನ್ನು ಮಾಡಿಕೊಡುವ ಆಜ್ಞೆಗಳ ಗುಂಪಿಗೆ ಪ್ರೊಸೀಜರ್ ಎನ್ನುತ್ತಾರೆ. ಬೇಕೆಂದಾಗ ಹೆಸರು ಹೇಳಿ ಕರೆದರೆ ಅದು ಬಂದು ಕೆಲಸ ಮಾಡಿ ಹೋಗುತ್ತದೆ. ಅದು ಬಳಸುವ ಹೆಸರುಗಳು ಎಲ್ಲಿಯ ತನಕ ಸಲ್ಲುತ್ತವೆ ಎಂಬುದೇ ಅವುಗಳ ವ್ಯಾಪ್ತಿ. ನಮ್ಮ ಮನೆಗಳಲ್ಲಿ ಅಣ್ಣ ಎಂದು ಕೂಗಿದರೆ ಆಯಾ ಮನೆಯ ಅಣ್ಣನೇ ಓಗೊಡುತ್ತಾನೆ, ಪಕ್ಕದ ಮನೆಯವನು ಓಡಿ ಬರುವುದಿಲ್ಲ. ಅದೇ ಊರಿನ ದೇವಸ್ಥಾನದ ಹೆಸರು ಹೇಳಿದರೆ ಎಲ್ಲ ಮನೆಯವರಿಗೂ ಅದೊಂದೇ. ಮನೆಯೊಳಗಿನ ಹೆಸರು ಯಾವುದು, ಊರಿನ ಹೆಸರು ಯಾವುದು ಎಂಬುದನ್ನು ಯಂತ್ರಕ್ಕೆ ಗೊಂದಲವಿಲ್ಲದಂತೆ ತಿಳಿಸಬೇಕು.

1960ರ ಜನವರಿಯಲ್ಲಿ ಪ್ಯಾರಿಸ್ ನಗರದಲ್ಲಿ 13 ಮಂದಿ ವಿದ್ವಾಂಸರು ಸೇರಿ ಆಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಆರಂಭ ಮತ್ತು ಅಂತ್ಯ ಎಂಬ ಎರಡು ಗುರುತುಗಳ ನಡುವೆ ಘೋಷಿಸಿದ ಹೆಸರು ಅಲ್ಲಿಗೇ ಸೀಮಿತ ಎಂಬ ನಿಯಮ ಅದರಲ್ಲಿತ್ತು. ಡೈಕ್‌ಸ್ಟ್ರಾ ಆ 13 ಮಂದಿಯಲ್ಲಿ ಒಬ್ಬರಲ್ಲ. ಆದರೂ ಫೆಬ್ರವರಿಯಲ್ಲಿ ವರದಿಯ ಸಂಪಾದಕರಾದ ಪೀಟರ್ ನೌರ್ ಅವರಿಗೆ ಕೋಪನ್‌ಹೇಗನ್‌ಗೆ ಒಂದು ದೂರವಾಣಿ ಕರೆ ಹೋಯಿತು. ಮಾತನಾಡಿದವರು ವಾನ್ ವೈನ್‌ಗಾರ್ಡನ್, ತಮ್ಮ ಪರವಾಗಿಯೂ ಡೈಕ್‌ಸ್ಟ್ರಾ ಅವರ ಪರವಾಗಿಯೂ. ಒಂದು ಪ್ರೊಸೀಜರ್ ತನ್ನೊಳಗೇ ತನ್ನ ಹೆಸರನ್ನು ಹೇಳಿದರೆ ತನ್ನನ್ನೇ ಮತ್ತೆ ಕರೆದಂತೆ ಎಂಬ ಅರ್ಥದ ಒಂದು ವಾಕ್ಯ ಸೇರಿಸಬೇಕೆಂಬುದು ಕೋರಿಕೆ. ವಾಕ್ಯ ಸೇರಿತು. ಸಮಿತಿಯವರಲ್ಲಿ ಕೆಲವರಿಗೆ ಇದರಿಂದ ಅಸಮಾಧಾನವಾದದ್ದೂ ಉಂಟು.

ತನ್ನನ್ನೇ ಕರೆಯುವುದೆಂದರೇನು? 5ರ ಕ್ರಮಗುಣಿತ ಬೇಕೆನ್ನೋಣ. 4ರ ಕ್ರಮಗುಣಿತ ಸಿಕ್ಕಿದರೆ ಅದನ್ನು 5ರಿಂದ ಗುಣಿಸಿದರಾಯಿತು. 4ರದ್ದು ಬೇಕಾದರೆ 3ರದ್ದು, ಹೀಗೆ 1ರ ತನಕ. ಒಂದೇ ಪ್ರೊಸೀಜರ್ ಐದು ಸಲ, ಒಂದು ಮುಗಿಯುವ ಮೊದಲೇ ಇನ್ನೊಂದಾಗಿ, ಎಚ್ಚರಗೊಳ್ಳುತ್ತದೆ. ಐದಕ್ಕೂ ಸಂಖ್ಯೆ ಎಂಬ ಹೆಸರಿನ ಜಾಗ ಒಂದೇ ಆದರೆ 5ರ ಮೇಲೆ 4, 4ರ ಮೇಲೆ 3 ಬಿದ್ದು ಎಲ್ಲ ಅಳಿಸಿಹೋಗುತ್ತದೆ. ಡೈಕ್‌ಸ್ಟ್ರಾ ಅವರು ಕರೆಗೊಂದರಂತೆ ಹೊಸ ಸ್ಲೇಟನ್ನೇ ಕೊಟ್ಟರು. ಸ್ಲೇಟಿನ ಮೇಲೆ ಸ್ಲೇಟು ಪೇರಿಸುತ್ತಾ ಹೋಗುವುದು, ಕೆಲಸ ಮುಗಿದಂತೆ ಮೇಲಿನದನ್ನು ತೆಗೆದಿಟ್ಟು ಕೆಳಗಿನದಕ್ಕೆ ಮರಳುವುದು. ಕೊನೆಯಲ್ಲಿ 120 ಎಂಬ ಉತ್ತರ ಸರಿಯಾಗಿ ಕೈಗೆ ಬರುತ್ತದೆ. ಈ ಪೇರಿಕೆಯ ವಿಧಾನವನ್ನು ಅವರು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದರು. ಒಳಗಿನ ಪ್ರೊಸೀಜರಿಗೆ ಹೊರಗಿನ ಹೆಸರು ಬೇಕಾದಾಗ ಪೇರಿಕೆಯಲ್ಲಿ ಯಾವ ಸ್ಲೇಟನ್ನು ನೋಡಬೇಕು ಎಂಬುದಕ್ಕೂ ಒಂದು ಕೈಪಟ್ಟಿಯನ್ನು ಕಲ್ಪಿಸಿದರು.

ಇದು ಬರಿಯ ಕಲ್ಪನೆಯಾಗಿ ಉಳಿಯಲಿಲ್ಲ. ಯಾಪ್ ಜೊನೆವೆಲ್ಡ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಎಕ್ಸ್1 ಎಂಬ ಯಂತ್ರಕ್ಕೆ ಆಲ್ಗಾಲ್ 60ರ ಅನುವಾದಕವನ್ನು ಬರೆದರು. ಕೆಲಸ ಮುಗಿಯುವ ತನಕ ಗಡ್ಡ ಬೋಳಿಸುವುದಿಲ್ಲ ಎಂದು ಇಬ್ಬರೂ ಪಣ ತೊಟ್ಟರು. 1960ರ ಆಗಸ್ಟಿನಲ್ಲಿ ಕೆಲಸ ಮುಗಿಯಿತು, ಜಗತ್ತಿನಲ್ಲಿ ಮೊದಲನೆಯದಾಗಿ. ಜೊನೆವೆಲ್ಡ್ ಗಡ್ಡ ಬೋಳಿಸಿದರು. ಡೈಕ್‌ಸ್ಟ್ರಾ ಅವರಿಗೆ ಗಡ್ಡ ಒಗ್ಗಿಹೋಗಿತ್ತು, ಬಿಡಲಿಲ್ಲ.

1962ರಲ್ಲಿ ಅವರು ಐಂಡ್‌ಹೋವನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಒಂದೇ ಯಂತ್ರದಲ್ಲಿ ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುವಂತೆ ಮಾಡುವ ವ್ಯವಸ್ಥೆಯನ್ನು ಅಲ್ಲಿ ಅರ್ಧ ಡಜನ್ ಜನರ ಚಿಕ್ಕ ತಂಡ ಕಟ್ಟಿತು. ಅದು ಅಂತಸ್ತುಗಳ ಕಟ್ಟಡದಂತೆ. ಎಲ್ಲಕ್ಕಿಂತ ಕೆಳಗಿನ ಅಂತಸ್ತು ಯಂತ್ರದ ಸಮಯವನ್ನು ಹಂಚುತ್ತದೆ. ಅದರ ಮೇಲಿನದು ನೆನಪಿನ ಪುಟಗಳನ್ನು ನೋಡಿಕೊಳ್ಳುತ್ತದೆ. ಮೇಲಿನವರಿಗೆ ಕೆಳಗಿನ ಅಂತಸ್ತು ಕೊಡುವ ಸೇವೆ ಗೊತ್ತೇ ಹೊರತು ಅದರ ಒಳಗುಟ್ಟು ಗೊತ್ತಿಲ್ಲ. ಆದ್ದರಿಂದ ಒಂದೊಂದು ಅಂತಸ್ತನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಸರಿಯೆಂದು ಖಚಿತಪಡಿಸಿಕೊಂಡು ಮೇಲೇರಲು ಸಾಧ್ಯವಾಯಿತು. 1968ರಲ್ಲಿ ಇದರ ವರದಿ ಪ್ರಕಟವಾಯಿತು.

ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದಕ್ಕೊಂದು ಡಿಕ್ಕಿ ಹೊಡೆಯಬಾರದಲ್ಲ. ಅದಕ್ಕೆ ರೈಲ್ವೆಯ ಕೈಮರದ ಹೆಸರನ್ನೇ ಪಡೆದ ಸೆಮಫೋರ್ ಎಂಬ ಉಪಾಯವನ್ನು ಅವರು ಆಗಲೇ ಕಂಡುಹಿಡಿದಿದ್ದರು. ಅದರಲ್ಲಿ ಎರಡು ಬಗೆ. ಎಲ್ಲರೂ ಕಾದು ಎಲ್ಲರೂ ಬಿಡುವ ಸಾರ್ವಜನಿಕ ಕೈಮರ ಒಂದು, ಖಾಸಗಿ ಸೆಮಫೋರ್ ಇನ್ನೊಂದು. ಖಾಸಗಿಯದು ಮನೆಯ ಕರೆಗಂಟೆಯ ಹಾಗೆ. ಬಂದವರು ಯಾರು ಬೇಕಾದರೂ ಬಾರಿಸಬಹುದು, ಆದರೆ ಅದಕ್ಕಾಗಿ ಕಿವಿಗೊಟ್ಟು ಕಾದಿರುವವನು ಮನೆಯವನೊಬ್ಬನೇ. ಸೆಮಫೋರಿನ ಎರಡು ಕ್ರಿಯೆಗಳಿಗೆ ಅವರು ಪಿ ಮತ್ತು ವಿ ಎಂದು ಹೆಸರಿಟ್ಟರು. ಎರಡೂ ಅವರ ತಾಯ್ನುಡಿಯಾದ ಡಚ್ ಭಾಷೆಯ ಪದಗಳ ಮೊದಲಕ್ಷರಗಳು. ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕಗಳಲ್ಲಿಯೂ ಆ ಎರಡು ಡಚ್ ಅಕ್ಷರಗಳು ಹಾಗೆಯೇ ಉಳಿದುಕೊಂಡಿವೆ. ಸಣ್ಣ ಭಾಷೆಯವರಾದ ನಮಗೆ ಇದು ಕೇಳಲು ಹಿತವಾದ ಸಂಗತಿ.

ಅದೇ 1968ರ ಮಾರ್ಚಿನಲ್ಲಿ ಒಂದು ಪತ್ರಿಕೆಯಲ್ಲಿ ಅವರ ಚಿಕ್ಕ ಪತ್ರವೊಂದು ಅಚ್ಚಾಗಿ ಕೋಲಾಹಲವೆಬ್ಬಿಸಿತು. ಪ್ರೋಗ್ರಾಮಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮನಬಂದಂತೆ ಹಾರುವ ಗೋಟು ಎಂಬ ಆಜ್ಞೆಯನ್ನು ಬಿಟ್ಟುಬಿಡಬೇಕೆಂಬುದು ಅದರ ಸಾರ. ಅದಕ್ಕೆ ಕೊಟ್ಟಿದ್ದ ತಲೆಬರಹ ಖಾರವಾಗಿತ್ತು. ಅದು ಡೈಕ್‌ಸ್ಟ್ರಾ ಅವರದ್ದಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್ ಅವರದು. ಬೈಗುಳ ಮಾತ್ರ ಪತ್ರ ಬರೆದವರ ಪಾಲಿಗೆ ಬಂತು.

ಹೊರಗೆ ಹೆಸರು ಹಬ್ಬುತ್ತಿದ್ದಾಗ ಒಳಗೆ ಬೇರೆಯೇ ಕಥೆ. ವಿದ್ಯಾಲಯದ ಗಣಿತ ವಿಭಾಗದಲ್ಲಿ ಕಂಪ್ಯೂಟರಿನ ಕೆಲಸವನ್ನು ಗಣಿತವೆಂದು ಒಪ್ಪುವ ಮನಸ್ಸಿರಲಿಲ್ಲ. ಅವರ ತಂಡ ಚದುರಿತು. ಮದುವೆಯ ದಿನ ನಗರಾಡಳಿತ ಒಪ್ಪದಿದ್ದ ಉದ್ಯೋಗವನ್ನು ಈಗ ಸ್ವಂತ ವಿಭಾಗವೇ ಒಪ್ಪದಾಯಿತು. ಡೈಕ್‌ಸ್ಟ್ರಾ ಮನೋವ್ಯಥೆಗೆ ಒಳಗಾದರು. ಆ ಕತ್ತಲೆಯಿಂದ ಹೊರಬರಲು ತಮಗಾಗಿಯೇ ಎಂಬಂತೆ ಬರೆಯತೊಡಗಿದರು. ಪ್ರೋಗ್ರಾಮು ತಪ್ಪಾಗದಂತೆ ಮೊದಲಿನಿಂದಲೇ ಕಟ್ಟುವುದು ಹೇಗೆ ಎಂಬ ಆ ಬರಹದ ಪ್ರತಿಗಳನ್ನು ಕೆಲವು ಗೆಳೆಯರಿಗೆ ಕಳುಹಿಸಿದರು. ಗೆಳೆಯರು ನಕಲು ತೆಗೆದು ತಮ್ಮ ಗೆಳೆಯರಿಗೆ ಕೊಟ್ಟರು. ಕೈಯಿಂದ ಕೈಗೆ ದಾಟುತ್ತಾ ಅದು ಲೋಕವನ್ನೇ ಸುತ್ತಿತು. 1972ರಲ್ಲಿ ಡಾಲ್ ಮತ್ತು ಹೋರ್ ಅವರ ಬರಹಗಳೊಂದಿಗೆ ಪುಸ್ತಕವೂ ಆಯಿತು. ಆ ವರ್ಷವೇ ಕಂಪ್ಯೂಟರ್ ವಿಜ್ಞಾನದ ಅತ್ಯುಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

1973ರಿಂದ ಅವರು ಬರೋಸ್ ಎಂಬ ಅಮೇರಿಕದ ಕಂಪೆನಿಯ ಸಂಶೋಧಕರಾಗಿ, ನ್ಯೂನೆನ್ ಎಂಬ ಊರಿನ ತಮ್ಮ ಮನೆಯ ಕೋಣೆಯಲ್ಲಿಯೇ ಕುಳಿತು ಕೆಲಸ ಮಾಡಿದರು. ವಾರಕ್ಕೊಮ್ಮೆ, ಮಂಗಳವಾರ, ವಿದ್ಯಾಲಯಕ್ಕೆ ಹೋಗಿ ಆಸಕ್ತರೊಂದಿಗೆ ಚರ್ಚಿಸುತ್ತಿದ್ದರು. 1976ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಒಂದು ಅಧ್ಯಾಯವನ್ನು ಪೂರ್ತಿಯಾಗಿ ಹೆಸರುಗಳ ವ್ಯಾಪ್ತಿಗೇ ಮೀಸಲಿಟ್ಟಿದ್ದಾರೆ. ಹದಿನಾರು ವರ್ಷಗಳ ಹಿಂದೆ ತಾವೇ ಯಂತ್ರಕ್ಕೆ ಕಲಿಸಿದ ಆಲ್ಗಾಲಿನ ನಿಯಮವನ್ನು ಅದರಲ್ಲಿ ನಿರ್ದಾಕ್ಷಿಣ್ಯವಾಗಿ ಟೀಕಿಸುತ್ತಾರೆ. ಆ ನಿಯಮದಂತೆ ಹೊರಮನೆಯ ಹೆಸರುಗಳೆಲ್ಲವೂ ಒಳಕೋಣೆಗೆ ತಾವಾಗಿಯೇ ನುಗ್ಗುತ್ತವೆ. ಒಳಗೆ ಸ್ವಂತ ಮೊತ್ತವನ್ನು ಘೋಷಿಸಲು ಮರೆತರೆ, ಕೈ ಸದ್ದಿಲ್ಲದೆ ಹೊರಗಿನ ಮೊತ್ತದ ಮೇಲೆ ಬರೆಯುತ್ತದೆ. ಸ್ಲೇಟು ತರಲು ಮರೆತ ಹುಡುಗ ಕರಿಹಲಗೆಗೆ ಹೋದಂತೆ! ಅದಕ್ಕೆ ಅವರು ಸೂಚಿಸಿದ್ದು ಹೀಗೆ: ಪ್ರತಿಯೊಂದು ಕೋಣೆಯ ಬಾಗಿಲಲ್ಲಿಯೇ ಪಟ್ಟಿ ತೂಗಹಾಕಬೇಕು. ಹೊರಗಿನಿಂದ ಬಳಸುವ ಹೆಸರುಗಳು ಇಂತಿಂಥವು, ಖಾಸಗಿ ಹೆಸರುಗಳು ಇಂತಿಂಥವು, ಹೊರಗಿನದಾದರೂ ಮೊದಲ ಬೆಲೆ ಒಳಗೇ ಪಡೆಯಬೇಕಾದವು ಇಂತಿಂಥವು. ಪಟ್ಟಿಯಲ್ಲಿಲ್ಲದ ಹೆಸರನ್ನು ಒಳಗೆ ಉಚ್ಚರಿಸಕೂಡದು. ತಾನು ಕಟ್ಟಿದ ಮನೆಯಲ್ಲಿ ತಾನೇ ಬಿರುಕು ತೋರಿಸುವ ಈ ಗುಣ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬಾಗಿಲ ಪಟ್ಟಿಯ ಆ ಭಾಷೆ ಪೇಟೆಗೆ ಬರಲಿಲ್ಲ. ಆದರೆ ವಿಚಾರ ಅವರೊಬ್ಬರದೇ ಆಗಿರಲಿಲ್ಲ. ಡೇವಿಡ್ ಪಾರ್ನಸ್ 1972ರಲ್ಲಿ, ಪ್ರೋಗ್ರಾಮಿನ ಒಂದೊಂದು ಭಾಗವೂ ತನ್ನ ಒಳಗುಟ್ಟನ್ನು ಮರೆಮಾಡಿ ಬೇಕಾದಷ್ಟನ್ನೇ ಹೊರಗೆ ತೋರಬೇಕೆಂದು ವಾದಿಸಿದ್ದರು. ಇಂದು ಸಿ++, ಜಾವಾ ಮುಂತಾದ ಭಾಷೆಗಳಲ್ಲಿ ಪ್ರೊಸೀಜರಿನ ಹಿಂದೆ ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಬರೆಯುತ್ತಾರೆ. ಪಬ್ಲಿಕ್ ಎಂದರೆ ಹೊರಗಿನ ಯಾರೂ ಕರೆಯಬಹುದು, ಪ್ರೈವೇಟ್ ಎಂದರೆ ಅದೇ ಭಾಗದ ಒಳಗಿನವರಿಗೆ ಮಾತ್ರ. ಖಾಸಗಿಯಾದದ್ದನ್ನು ನಾಳೆ ಬದಲಿಸಿದರೂ ಹೊರಗಿನವರ ಕೆಲಸ ಕೆಡುವುದಿಲ್ಲ. ಸಾರ್ವಜನಿಕವಾದದ್ದನ್ನು ಬದಲಿಸುವುದೆಂದರೆ ಊರಿಗೆಲ್ಲ ಕೊಟ್ಟ ಮಾತನ್ನು ತಿರುಚಿದಂತೆ.

ಡೈಕ್‌ಸ್ಟ್ರಾ ಅವರ ನಾಲಗೆ ಹರಿತ. 1975ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ, ಬೇಸಿಕ್ ಭಾಷೆಯನ್ನು ಮೊದಲು ಕಲಿತ ವಿದ್ಯಾರ್ಥಿಗೆ ಮುಂದೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಅಸಾಧ್ಯವೆಂಬಷ್ಟು ಕಟುವಾಗಿ ಬರೆದಿದ್ದಾರೆ. ಅಂದಿನ ಬೇಸಿಕ್‌ನ ಉಪಕಾರ್ಯಗಳಿಗೆ ಸ್ವಂತ ಸ್ಲೇಟು ಇರಲಿಲ್ಲ, ಎಲ್ಲವೂ ಕರಿಹಲಗೆಯೇ ಎಂಬುದು ನಿಜ. ಆದರೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ನಡುವೆ ಇದ್ದ ನಾನು ಈ ಮಾತನ್ನು ಒಪ್ಪಲಾರೆ. ತಪ್ಪಾಗಿ ಕಲಿತು ಆಮೇಲೆ ತಿದ್ದಿಕೊಂಡ ಮಕ್ಕಳನ್ನು ಎಷ್ಟೋ ಕಂಡಿದ್ದೇನೆ.

1984ರಲ್ಲಿ ಅವರು ಅಮೇರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಕಂಪ್ಯೂಟರ್ ವಿಜ್ಞಾನದ ಆಚಾರ್ಯರಾದ ಅವರು ಬಹುಕಾಲ ಸ್ವಂತ ಕಂಪ್ಯೂಟರನ್ನು ಇಟ್ಟುಕೊಂಡಿರಲಿಲ್ಲ. ಶಾಯಿಪೆನ್ನಿನಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಚಿತ್ತಿಲ್ಲದೆ ಬರೆಯುತ್ತಿದ್ದರು. ಪಿಯಾನೊ ನುಡಿಸುತ್ತಿದ್ದರು. ತಮ್ಮ ಪ್ರವಾಸದ ಫೋಕ್ಸ್‌ವಾಗನ್ ಬಸ್ಸಿಗೆ ಟ್ಯೂರಿಂಗ್ ಯಂತ್ರ ಎಂದು ಹೆಸರಿಟ್ಟು ರಿಯಾ ಅವರೊಂದಿಗೆ ಅಮೇರಿಕದ ಉದ್ಯಾನಗಳನ್ನು ಸುತ್ತುತ್ತಿದ್ದರು. 1999ರಲ್ಲಿ ನಿವೃತ್ತರಾದರು.

ಕ್ಯಾನ್ಸರ್ ತಗಲಿದ ಮೇಲೆ ಅವರು ನ್ಯೂನೆನ್‌ನ ಹಳೆಯ ಮನೆಗೆ ಮರಳಿದರು. 2002ನೇ ಇಸವಿ ಆಗಸ್ಟ್ 6ರಂದು ಅಲ್ಲಿಯೇ ತೀರಿಕೊಂಡರು. ಅದಕ್ಕೆ ಸ್ವಲ್ಪವೇ ಮೊದಲು ಅವರ 1974ರ ಒಂದು ಲೇಖನಕ್ಕೆ ಪ್ರಶಸ್ತಿಯೊಂದು ಬಂದಿತ್ತು. ಮರುವರ್ಷದಿಂದ ಆ ಪ್ರಶಸ್ತಿಗೆ ಅವರದೇ ಹೆಸರಾಯಿತು.

ಗೆಳೆಯರಿಗೆಂದು ಬರೆದ ಟಿಪ್ಪಣಿಗಳಿಗೆಲ್ಲ ತಮ್ಮ ಹೆಸರಿನ ಮೊದಲಕ್ಷರಗಳಾದ ಇ.ಡಬ್ಲ್ಯು.ಡಿ. ಎಂದು ಹಾಕಿ ಕ್ರಮಸಂಖ್ಯೆ ಕೊಡುವುದು ಅವರ ರೂಢಿಯಾಗಿತ್ತು. ಕೊನೆಯದರ ಸಂಖ್ಯೆ 1318, ಬರೆದದ್ದು 2002ರ ಏಪ್ರಿಲಿನಲ್ಲಿ. ಟೆಕ್ಸಾಸ್ ವಿಶ್ವವಿದ್ಯಾನಿಲಯ ಅವುಗಳನ್ನು ಸಂಗ್ರಹಿಸಿ, ಅವರ ಕೈಬರಹದಲ್ಲಿಯೇ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ.